ನನ್ನ ಕಾದಂಬರಿಯ ಹೊಳೆಯ ದೃಶ್ಯವನ್ನು ಬದಲಿಸಲು ಒಪ್ಪಬೇಕೇ?

ಪ್ರಶ್ನೆ: ನಾನು ಸಾಗರದ ಹತ್ತಿರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಆರು ವರ್ಷ ಹಿಡಿದು ಒಂದು ಫ್ಯಾಂಟಸಿ ಕಾದಂಬರಿ ಬರೆದು ಪ್ರಕಟಿಸಿದ್ದೇನೆ. ಅದನ್ನು ವೆಬ್ ಸರಣಿ ಮಾಡುತ್ತೇವೆಂದು ನಿರ್ಮಾಪಕರೊಬ್ಬರು ಬಂದಿದ್ದಾರೆ. ಕಾದಂಬರಿಯ ನಟ್ಟನಡುವೆ ನಾಯಕಿ ತನ್ನ ಹೆಸರನ್ನು ಹೊಳೆಗೆ ಬಿಡುವ ದೃಶ್ಯವಿದೆ. ಹೆಸರು ತೇಲಿ ಹೋದೊಡನೆ ಊರಿಗೆ ಊರೇ ಅವಳನ್ನು ಮರೆಯುತ್ತದೆ, ಹೆತ್ತ ತಾಯಿಯೂ ಮರೆಯುತ್ತಾಳೆ. ಹದಿನಾಲ್ಕು ಪುಟಗಳೂ ಅವಳ ಮನಸ್ಸಿನೊಳಗೇ ನಡೆಯುತ್ತವೆ. ನಿರ್ಮಾಪಕರ ತಂಡದವರು ‘ಇದು ತೆರೆಗೆ ಬರುವುದಿಲ್ಲ, ಅಲ್ಲಿ ತಾಯಿಯನ್ನು ಸಾಯಿಸೋಣ’ ಎನ್ನುತ್ತಿದ್ದಾರೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಫ್ಯಾಂಟಸಿ ಕಾದಂಬರಿಗಳಿಂದ ಮಾಡಿದ ‘ಗೇಮ್ ಆಫ್ ಥ್ರೋನ್ಸ್’ ಸರಣಿಯನ್ನು ನಾನು ಪುಸ್ತಕಗಳನ್ನು ಓದಿದ ಮೇಲೆ ನೋಡಿದೆ. ಅತಿಥಿಗಳನ್ನೇ ಕೊಂದುಹಾಕುವ ‘ರಕ್ತದ ಮದುವೆ’ಯಲ್ಲಿ, ಪುಸ್ತಕದಲ್ಲಿ ಇಲ್ಲದೇ ಇದ್ದ ಹೆಂಡತಿಯೊಬ್ಬಳು, ಅದೂ ಬಸುರಿ, ಇರಿತಕ್ಕೆ ಸಿಕ್ಕಳು. ಟಿರಿಯನ್ ತಂದೆಯನ್ನು ಕೊಲ್ಲುವಾಗ ನಾನು ಕಾದು ಕುಳಿತಿದ್ದ ಪ್ರಶ್ನೆ ಅವನ ಬಾಯಿಂದ ಬರಲೇ ಇಲ್ಲ. ಇವರು ಪುಸ್ತಕ ಓದುವುದೇ ಇಲ್ಲವೇ? ಲೇಖಕರು ಜೊತೆಗಿದ್ದರೂ ಹೀಗೇಕಾಗುತ್ತದೆ? ನಾನು ಹಕ್ಕು ಕೊಡಲೇ, ಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ. ಒಂದು ನೋಡುಗರಾಗಿ ಈಗಾಗಲೇ ಪಟ್ಟದ್ದು, ಇನ್ನೊಂದು ಲೇಖಕಿಯಾಗಿ ಮುಂದೆ ಪಡಬೇಕಾದೀತೆಂಬ ಅಂಜಿಕೆ. ಮೊದಲನೆಯದನ್ನು ಸರಿಯಾಗಿ ಬಿಡಿಸಿಕೊಂಡರೆ ನಿರ್ಮಾಪಕರ ಎದುರು ಏನು ಮಾತಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ಹಾಗಾಗಿ ಮದುವೆ ಮನೆಯಿಂದಲೇ ಆರಂಭಿಸುತ್ತೇನೆ. ಆ ಸರಣಿಯನ್ನು ಇನ್ನೂ ನೋಡದವರು ಯಾರಾದರೂ ಇದನ್ನು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಕಥೆಯ ಗುಟ್ಟುಗಳೆಲ್ಲ ಬಯಲಾಗಲಿವೆ.

ಪುಸ್ತಕ ಓದುವುದಿಲ್ಲ ಎಂಬ ದೂರು ನನ್ನ ಕಸುಬಿನವರ ಮೇಲೆ ಸದಾ ಇರುವಂಥದ್ದು. 22 ವರ್ಷಗಳಿಂದ ಕಾದಂಬರಿಗಳನ್ನು ಕಿರುತೆರೆಯ ಚಿತ್ರಕಥೆಗಳನ್ನಾಗಿ ಮಾಡುವುದೇ ನನ್ನ ಹೊಟ್ಟೆಪಾಡು. ಓದದೆ ಕತ್ತರಿ ಹಾಕುವವರು ಇಲ್ಲವೇ ಇಲ್ಲ ಎಂದು ಪ್ರಮಾಣ ಮಾಡಲಾರೆ. ಆದರೆ ನಿಮ್ಮನ್ನು ನೋಯಿಸಿದ ಎರಡೂ ದೃಶ್ಯಗಳನ್ನು ಬರೆದ ಡೇವಿಡ್ ಬೆನಿಯೋಫ್ ಮತ್ತು ಡಿ. ಬಿ. ವೈಸ್ ಅಂಥವರಲ್ಲ. ಆ ಮದುವೆಯ ಅಧ್ಯಾಯವನ್ನು ತೆರೆಗೆ ತರಬೇಕೆಂಬ ಆಸೆಯೇ ತಮ್ಮನ್ನು ಈ ಕೆಲಸಕ್ಕೆ ಎಳೆದದ್ದು ಎಂದು ಅವರು ಹೇಳಿಕೊಂಡಿದ್ದಾರೆ. ಅಷ್ಟು ಪ್ರೀತಿಯಿಟ್ಟ ದೃಶ್ಯವನ್ನೇ ಅವರು ಬದಲಿಸಿದರು. ಏಕೆ ಎಂಬುದು ಕೇಳಬೇಕಾದ ಪ್ರಶ್ನೆ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಮೂರನೆಯ ಸಂಪುಟ ಬಂದದ್ದು 2000ದಲ್ಲಿ. ಅವರ ಕಾದಂಬರಿಗಳಲ್ಲಿ ಪ್ರತಿ ಅಧ್ಯಾಯವೂ ಒಬ್ಬರ ಕಣ್ಣಿನಲ್ಲಿ ನಡೆಯುತ್ತದೆ. ತರುಣ ದೊರೆ ರಾಬ್ ಸ್ಟಾರ್ಕ್‌ಗೆ ಅಂಥ ಒಂದೇ ಒಂದು ಅಧ್ಯಾಯವೂ ಇಲ್ಲ. ನಾವು ಅವನನ್ನು ಕಾಣುವುದು ಬಹುಪಾಲು ಅವನ ತಾಯಿ ಕ್ಯಾಟ್ಲಿನ್ ಕಣ್ಣಿನಿಂದ. ಅವನ ಮದುವೆಯೂ ತೆರೆಮರೆಯಲ್ಲೇ ಆಗಿಹೋಗುತ್ತದೆ. ಗಾಯಗೊಂಡು ಮಲಗಿದ್ದಾಗ, ತಮ್ಮಂದಿರು ಸತ್ತರೆಂಬ ಸುದ್ದಿ ಬಂದ ರಾತ್ರಿ ಜೇನ್ ವೆಸ್ಟರ್ಲಿಂಗ್ ಎಂಬ ಹುಡುಗಿಯ ತೋಳಿಗೆ ಬೀಳುತ್ತಾನೆ, ಅವಳ ಮಾನ ಉಳಿಸಲು ಮರುದಿನ ಮದುವೆಯಾಗುತ್ತಾನೆ, ತಾಯಿಯ ಮುಂದೆ ಹೆಂಡತಿಯೊಂದಿಗೆ ಬಂದು ನಿಲ್ಲುತ್ತಾನೆ. ಓದುಗನಿಗೂ ಅದು ಹಾಗೇ ಬಂದು ಬಡಿಯುವ ಸುದ್ದಿ. ಫ್ರೇ ಮನೆತನದ ಹೆಣ್ಣನ್ನು ಮದುವೆಯಾಗುತ್ತೇನೆಂದು ಕೊಟ್ಟಿದ್ದ ಮಾತು ಇದರಿಂದ ಮುರಿಯಿತು, ಅವರನ್ನು ಇನ್ನಷ್ಟು ಕೆರಳಿಸಬಾರದೆಂದು ಜೇನ್‌ಳನ್ನು ಕೋಟೆಯಲ್ಲೇ ಬಿಟ್ಟು ಅವರ ಮನೆಯ ಮದುವೆಗೆ ಹೋಗುತ್ತಾನೆ. ಆದ್ದರಿಂದ ರಾಬ್‌ನನ್ನೂ ಅವನ ತಾಯಿಯನ್ನೂ ಕೊಲ್ಲುವ ಪುಸ್ತಕದ ಆ ಮದುವೆಮನೆಯಲ್ಲಿ ಅವಳು ಇಲ್ಲ.

ಈಗ ಇದನ್ನು ಕ್ಯಾಮೆರಾದ ಮುಂದೆ ಇಡಿ. ತಾಯಿಯ ಕಣ್ಣು ಅಕ್ಷರದಲ್ಲಿ ಉಂಟು, ಕ್ಯಾಮೆರಾಕ್ಕೆ ಅದಿಲ್ಲ. ತೆರೆಯ ಮೇಲೆ ರಾಬ್ ಒಬ್ಬ ಸುಂದರ ತರುಣ ನಟ. ವಾರ ವಾರವೂ ಅವನನ್ನು ನೋಡುತ್ತಿರುವ ಪ್ರೇಕ್ಷಕ, ರಾಜ್ಯವನ್ನೇ ಪಣಕ್ಕಿಟ್ಟ ಮದುವೆಯನ್ನು ಬಾಗಿಲ ಹಿಂದೆ ಮುಗಿಸಿದರೆ ಒಪ್ಪುವುದಿಲ್ಲ. ಹಾಗಾಗಿ ಎರಡನೆಯ ಸೀಸನ್‌ನಲ್ಲಿ ಪ್ರೇಮಕಥೆಯನ್ನು ಕಣ್ಣೆದುರೇ ನಡೆಸಬೇಕಾಯಿತು. ಜೇನ್ ಹೋಗಿ, ಯುದ್ಧಭೂಮಿಯಲ್ಲಿ ಗಾಯಾಳುಗಳ ಆರೈಕೆ ಮಾಡುವ ಟಲೀಸಾ ಬಂದಳು. ಅವಳನ್ನು ಅಷ್ಟು ಬೆಳೆಸಿದ ಮೇಲೆ ಕೋಟೆಯಲ್ಲಿ ಬಿಟ್ಟುಬರುವುದು ಕಷ್ಟ. 2013ರ ಜೂನ್ 2ರಂದು ಪ್ರಸಾರವಾದ ಆ ಸಂಚಿಕೆಯಲ್ಲಿ ಮೊದಲ ಇರಿತ ಬಿದ್ದದ್ದೇ ಅವಳ ಬಸಿರಿಗೆ.

ಇದರಲ್ಲಿ ಕಳೆದುಹೋದದ್ದು ಹೆಂಡತಿಯ ಹೆಸರಷ್ಟೇ ಅಲ್ಲ. ಪುಸ್ತಕದ ರಾಬ್ ತಂದೆಯ ಹಾಗೆ ಮರ್ಯಾದೆಯ ಕಾರಣಕ್ಕೆ ಕೆಡುತ್ತಾನೆ, ತೆರೆಯ ರಾಬ್ ಪ್ರೀತಿಯ ಕಾರಣಕ್ಕೆ ಕೆಡುತ್ತಾನೆ. ಕಾದಂಬರಿಯ ಬೆನ್ನೆಲುಬೇ ಬೇರೆಯಾಯಿತು. ಹೊಟ್ಟೆಗೆ ಬಿದ್ದ ಇರಿತ ನನಗೆ ಸುಲಭದ ಆಘಾತವೆನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಬಸುರಿಯನ್ನು ಇರಿದರೆ ಯಾರು ತಾನೇ ಬೆಚ್ಚುವುದಿಲ್ಲ?

ಆದರೆ ಅದೇ ಸಂಚಿಕೆಯ ಇನ್ನೊಂದು ಕೆಲಸವನ್ನು ನೋಡಿ. ಪುಸ್ತಕದಲ್ಲಿ ಕೊನೆಯ ಗಳಿಗೆಯಲ್ಲಿ ಕ್ಯಾಟ್ಲಿನ್‌ಗೆ ಹುಚ್ಚು ಹಿಡಿಯುತ್ತದೆ. ಉಗುರಿನಿಂದ ಮುಖ ಪರಚಿಕೊಳ್ಳುತ್ತಾಳೆ, ನಗುತ್ತಾಳೆ, ಸತ್ತ ಗಂಡನಿಗೆ ತನ್ನ ಕೂದಲೆಂದರೆ ಎಷ್ಟು ಇಷ್ಟವಿತ್ತೆಂದು ನೆನೆಯುತ್ತಾಳೆ. ಇದರಲ್ಲಿ ಅರ್ಧಕ್ಕರ್ಧ ಅವಳ ತಲೆಯೊಳಗೆ ನಡೆಯುವುದು. ತೆರೆಯಲ್ಲಿ ಕ್ಯಾಟ್ಲಿನ್ ಪಾತ್ರದ ಮಿಷೆಲ್ ಫೇರ್ಲಿ ಮಗನ ಸಾವಿಗೆ ಒಮ್ಮೆ ಕಿರುಚುತ್ತಾರೆ, ಮನೆಯ ಯಜಮಾನ ವಾಲ್ಡರ್ ಫ್ರೇಯ ಎಳೆಯ ಹೆಂಡತಿಯ ಕತ್ತು ಸೀಳುತ್ತಾರೆ, ಆಮೇಲೆ ಸುಮ್ಮನೆ ನಿಲ್ಲುತ್ತಾರೆ. ಮುಖದಲ್ಲಿ ಏನೂ ಇಲ್ಲ. ಕ್ಯಾಮೆರಾ ಅಲ್ಲಾಡದೆ ಕಾಯುತ್ತದೆ. ಹಿಂದಿನಿಂದ ಬಂದ ಕೈ ಅವರ ಕತ್ತನ್ನೂ ಕೊಯ್ಯುತ್ತದೆ. ಹೆಸರುಗಳು ಸಂಗೀತವಿಲ್ಲದೆ, ನಿಶ್ಶಬ್ದದಲ್ಲಿ ಉರುಳುತ್ತವೆ. ಪುಸ್ತಕದ ಹುಚ್ಚನ್ನು ತೆಗೆದು ಅದರ ಜಾಗಕ್ಕೆ ಮೌನವನ್ನು ತಂದರು. ಒಂದು ತಾಯಿ ಒಳಗಿನಿಂದ ಖಾಲಿಯಾದಳು ಎಂಬ ಕೆಲಸ ಎರಡು ಕಡೆಯೂ ನಡೆಯಿತು.

ಹಾಡಿನ ವಿಷಯವಂತೂ ನನ್ನ ಕಸುಬಿನವರು ಬರೆದಿಟ್ಟುಕೊಳ್ಳಬೇಕಾದದ್ದು. ಮದುವೆಯ ವಾದ್ಯದವರು ರಾಬ್‌ನ ಶತ್ರುಗಳಾದ ಲ್ಯಾನಿಸ್ಟರ್ ಮನೆತನದವರ ಹಾಡನ್ನು ಎತ್ತಿಕೊಂಡಾಗ ಏನೋ ಕೆಟ್ಟದ್ದು ಕಾದಿದೆ ಎಂದು ನೋಡುಗನಿಗೆ ಗೊತ್ತಾಗಬೇಕು. ಓದುಗನಿಗೆ ಅದನ್ನು ಕ್ಯಾಟ್ಲಿನ್‌ಳ ಮನಸ್ಸೇ ಹೇಳುತ್ತದೆ. ನೋಡುಗನಿಗೆ ಯಾರು ಹೇಳಬೇಕು? ಹಿಂದಿನ ವರ್ಷವೇ ಯುದ್ಧ ಶುರುವಾಗುವ ಮುಂಚೆ ಟಿರಿಯನ್‌ನ ಬಂಟ ಬ್ರಾನ್ ಬಾಯಲ್ಲಿ ಆ ಹಾಡು ಹಾಡಿಸಿಟ್ಟಿದ್ದರು. ಮದುವೆಗೆ ಒಂದು ಸಂಚಿಕೆ ಮೊದಲು ಲ್ಯಾನಿಸ್ಟರ್ ಮನೆತನದ ರಾಣಿ ಸರ್ಸಿ ತನ್ನ ಭಾವೀ ಸೊಸೆಗೆ ಆ ಹಾಡಿನ ಹಿಂದಿರುವ ನಿರ್ವಂಶವಾದ ಮನೆತನದ ಕಥೆ ಹೇಳುತ್ತಾಳೆ. ಬೀಜ ಹಾಕಿದ್ದೆಲ್ಲಿ, ಪೈರು ತೆಗೆದದ್ದೆಲ್ಲಿ!

ನನ್ನ ಲೆಕ್ಕದಲ್ಲಿ ದೃಶ್ಯ ಬದಲಿಸುವುದೆಂದರೆ ಕೈಗಡ ತಂದ ಹಾಗೆ. ತರುವುದು ತಪ್ಪಲ್ಲ. ಎಲ್ಲಿ ತೀರಿಸುತ್ತೇನೆ ಎಂದು ತಿಳಿಯದೆ ತರುವುದು ತಪ್ಪು.

ಇದನ್ನು ನಾನು ಕಲಿತದ್ದು ನನ್ನ ಎರಡನೆಯ ಧಾರಾವಾಹಿಯಲ್ಲಿ. ಮೂಲ ಕಾದಂಬರಿಯಲ್ಲಿ ಒಬ್ಬ ಸೋದರಮಾವನೂ ಒಬ್ಬ ಬಡ್ಡಿ ವ್ಯಾಪಾರಿಯೂ ಇದ್ದರು. ಇಬ್ಬರು ನಟರ ಸಂಭಾವನೆ ಏಕೆಂದು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿದೆ. ಜಾಣತನಕ್ಕೆ ಎಲ್ಲರೂ ಬೆನ್ನು ತಟ್ಟಿದರು. ತೊಂಬತ್ತು ಸಂಚಿಕೆ ಕಳೆದ ಮೇಲೆ, ಸೋದರಮಾವ ಮನೆ ಪತ್ರ ಅಡವಿಟ್ಟು ಬಡ್ಡಿ ವ್ಯಾಪಾರಿಯ ಕಾಲಿಗೆ ಬೀಳುವ ದೃಶ್ಯ ಬಂತು. ಕಥೆ ನಿಂತಿದ್ದದ್ದೇ ಅದರ ಮೇಲೆ. ಇವನು ಯಾರ ಕಾಲಿಗೆ ಬೀಳಬೇಕು, ತನ್ನ ಕಾಲಿಗೇ? ಮೂರು ರಾತ್ರಿ ನಿದ್ದೆಗೆಟ್ಟು ಕೊನೆಗೆ ಅವನಿಗೊಬ್ಬ ಅಣ್ಣನನ್ನು ಮುಂಬೈಯಿಂದ ಕರೆಸಿದೆ. ಆ ಅಣ್ಣ ಧಾರಾವಾಹಿ ಮುಗಿಯುವವರೆಗೆ ಮನೆಯ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದ.

ಟಿರಿಯನ್ ದೃಶ್ಯದಲ್ಲಿ ಆದದ್ದು ಇಂಥದೇ, ಇದಕ್ಕಿಂತ ದೊಡ್ಡ ಮೊತ್ತದ್ದು. ಪುಸ್ತಕದಲ್ಲಿ ಲ್ಯಾನಿಸ್ಟರ್ ಮನೆತನದ ಕಿರಿಯ ಮಗ ಟಿರಿಯನ್ ಹದಿಮೂರನೆಯ ವಯಸ್ಸಿನಲ್ಲಿ ಟೈಶಾ ಎಂಬ ಬಡ ರೈತನ ಮಗಳನ್ನು ಮದುವೆಯಾಗಿದ್ದ. ಅವಳು ದುಡ್ಡು ಕೊಟ್ಟು ತಂದ ವೇಶ್ಯೆ ಎಂದು ಅಣ್ಣ ಜೇಮಿಯ ಬಾಯಿಂದ ಹೇಳಿಸಿ, ಅವಳನ್ನು ಕಾವಲುಗಾರರ ಕೈಗೆ ಒಪ್ಪಿಸಿದವನು ತಂದೆ ಟೈವಿನ್. ಸಾವಿರಾರು ಪುಟಗಳ ನಂತರ ಸೆರೆಮನೆಯಿಂದ ತಮ್ಮನನ್ನು ಬಿಡಿಸುವಾಗ ಜೇಮಿ ಸತ್ಯ ಹೇಳುತ್ತಾನೆ: ಅವಳು ವೇಶ್ಯೆಯಾಗಿರಲಿಲ್ಲ, ನಿನ್ನನ್ನು ನಿಜವಾಗಿ ಪ್ರೀತಿಸಿದ್ದಳು. ಟಿರಿಯನ್ ಅಣ್ಣನಿಗೆ ಹೊಡೆಯುತ್ತಾನೆ. ನಿನ್ನ ಮಗನನ್ನು ಕೊಂದವನು ನಾನೇ ಎಂದು ನೋಯಿಸುವುದಕ್ಕಾಗಿಯೇ ಸುಳ್ಳು ಹೇಳುತ್ತಾನೆ. ಅಣ್ಣತಮ್ಮಂದಿರ ನಂಟು ಅಲ್ಲಿಗೆ ಹರಿಯುತ್ತದೆ. ಆಮೇಲೆ ಅವನು ತಂದೆಯ ಕೋಣೆಗೆ ಏರುವುದಕ್ಕೆ ಒಂದೇ ಕಾರಣ, ಒಂದೇ ಪ್ರಶ್ನೆ: ಟೈಶಾ ಎಲ್ಲಿ ಹೋದಳು? ಶೌಚಪೀಠದ ಮೇಲೆ ಕುಳಿತ ತಂದೆಗೆ ಅವಳ ನೆನಪೇ ಸರಿಯಾಗಿ ಇಲ್ಲ. ವೇಶ್ಯೆಯರು ಹೋಗುವಲ್ಲಿಗೆ ಹೋಗಿರಬೇಕು ಎನ್ನುತ್ತಾನೆ. ಬಾಣ ಹಾರುತ್ತದೆ.

2014ರ ಜೂನ್ 15ರ ಸಂಚಿಕೆಯಲ್ಲಿ ಅಡ್ಡಬಿಲ್ಲು ಇದೆ, ಶೌಚಪೀಠ ಇದೆ, ಆ ಬೈಗುಳವೂ ಇದೆ. ಟೈಶಾ ಇಲ್ಲ. ಅಣ್ಣತಮ್ಮಂದಿರು ತಬ್ಬಿಕೊಂಡು ಅಗಲುತ್ತಾರೆ, ಬೈಗುಳ ತಂದೆಯ ಹಾಸಿಗೆಯಲ್ಲಿ ಸಿಕ್ಕಿದ, ಟಿರಿಯನ್‌ನ ಪ್ರೇಯಸಿಯಾಗಿದ್ದ ಶೇ ಎಂಬ ಹೆಣ್ಣಿನ ಮೇಲೆ ಬೀಳುತ್ತದೆ. ಮಗನಾಗಿ ಪೀಟರ್ ಡಿಂಕ್ಲೇಜ್, ತಂದೆಯಾಗಿ ಚಾರ್ಲ್ಸ್ ಡಾನ್ಸ್ ಇಬ್ಬರೂ ಅದ್ಭುತವಾಗಿ ನಟಿಸಿದ್ದಾರೆ, ಪುಸ್ತಕ ಓದದವರಿಗೆ ಏನೂ ಕಡಿಮೆಯೆನಿಸಲಿಲ್ಲ. ಟೈಶಾ ಏಕೆ ಬಿದ್ದುಹೋದಳೆಂದು ನಾನು ಊಹಿಸಬಲ್ಲೆ. ಅವಳ ಕಥೆಯನ್ನು ಮೊದಲ ಸೀಸನ್‌ನಲ್ಲಿ, 2011ರಲ್ಲಿ, ಒಂದು ರಾತ್ರಿ ಡೇರೆಯೊಳಗೆ ಕುಡಿಯುತ್ತ ಒಮ್ಮೆ ಹೇಳಲಾಗಿತ್ತು. ಮೂರು ವರ್ಷದ ನಂತರ ಆ ಹೆಸರೆತ್ತಿದರೆ ಯಾವ ಟೈಶಾ ಎಂದು ಅರ್ಧ ಜನ ಪಕ್ಕದವರನ್ನು ಕೇಳುತ್ತಾರೆ. ಪುಸ್ತಕದಲ್ಲಾದರೆ ಟಿರಿಯನ್‌ನ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿರುತ್ತದೆ, ಓದುಗ ಮರೆಯುವ ಹಾಗೇ ಇಲ್ಲ.

ಕಾರಣ ಅರ್ಥವಾಗುತ್ತದೆ. ಆದರೆ ಈ ಕೈಗಡ ತೀರಲಿಲ್ಲ ಎಂಬುದು ನನ್ನ ತೀರ್ಮಾನ. ಐದನೆಯ ಪುಸ್ತಕದಲ್ಲಿ ಟಿರಿಯನ್ ಕಂಡಕಂಡವರನ್ನೆಲ್ಲ ವೇಶ್ಯೆಯರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳುತ್ತ, ಒಳಗೊಳಗೇ ಕೊಳೆಯುತ್ತ ಅಲೆಯುತ್ತಾನೆ. ತೆರೆಯ ಟಿರಿಯನ್‌ಗೆ ಆ ಗಾಯವೇ ಆಗಿಲ್ಲ, ಹಾಗಾಗಿ ಐದನೆಯ ಸೀಸನ್‌ನಿಂದ ಅವನು ಕುಡಿಯುತ್ತ, ಬುದ್ಧಿಮಾತು ಹೇಳುತ್ತ ಓಡಾಡುವ ಸಲಹೆಗಾರನಾದ. ಜನ ಅವನ ಮಾತಿನ ಮೊನೆ ಮೊಂಡಾಯಿತು ಎಂದು ದೂರಿದರು. ಮೊನೆ ಮುರಿದದ್ದು 2014ರ ಆ ತಬ್ಬುಗೆಯಲ್ಲಿ.

ಎಲ್ಲಕ್ಕೂ ದುಡ್ಡೇ ಕಾರಣ ಎನ್ನುವವರಿದ್ದಾರೆ. ಅರ್ಧ ನಿಜ. ಮೊದಲ ಪುಸ್ತಕದಲ್ಲಿ ಟಿರಿಯನ್ ಗುಡ್ಡಗಾಡಿನವರನ್ನು ಸೇರಿಸಿಕೊಂಡು ನಿಜವಾಗಿ ಯುದ್ಧ ಮಾಡುತ್ತಾನೆ. ಸರಣಿಯಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ತಲೆಗೆ ಪೆಟ್ಟು ಬಿದ್ದು ಮೂರ್ಛೆ ಹೋಗುತ್ತಾನೆ, ಎದ್ದಾಗ ಯುದ್ಧ ಮುಗಿದಿದೆ. ಕುದುರೆಗಳ ಬಾಡಿಗೆ ಉಳಿಯಿತು. ನಮ್ಮಲ್ಲಿ ಪ್ರವಾಹವನ್ನು ರೇಡಿಯೊ ವಾರ್ತೆಯಲ್ಲಿ ತೋರಿಸುವುದಿಲ್ಲವೇ, ಹಾಗೆ. ಆದರೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್‌ರ ಕಥೆಗಳಿಂದ ಮಾಡಿದ, ದುಡ್ಡಿನ ಚಿಂತೆಯೇ ಇಲ್ಲದ ‘ದಿ ರಿಂಗ್ಸ್ ಆಫ್ ಪವರ್’ ಸರಣಿ ನೋಡಿ. ಟೋಲ್ಕಿನ್‌ರ ಕಥೆಯ ಪ್ರಕಾರ ಎಲ್ಫ್ ಎಂಬ ಅಮರ ಜನರ ಮೂರು ಮಾಯಾ ಉಂಗುರಗಳು ಉಳಿದ ಹದಿನಾರು ಉಂಗುರಗಳ ನಂತರ ತಯಾರಾಗುತ್ತವೆ. 2022ರ ಮೊದಲ ಸೀಸನ್‌ನ ಕೊನೆಯಲ್ಲಿ ಆ ಮೂರೇ ಮೊದಲು ಎರಕಗೊಂಡವು. ಟೋಲ್ಕಿನ್‌ರ ಎರಡನೆಯ ಯುಗ 3441 ವರ್ಷ ಉದ್ದದ್ದು. ಮನುಷ್ಯ ಪಾತ್ರಗಳು ಸಂಚಿಕೆಯಿಂದ ಸಂಚಿಕೆಗೆ ಸತ್ತು ಹೋಗಬಾರದೆಂದರೆ ಆ ಶತಮಾನಗಳನ್ನೆಲ್ಲ ಕೆಲವೇ ವರ್ಷಗಳಿಗೆ ಮಡಚಬೇಕು. ಮಡಚಿದಾಗ ಘಟನೆಗಳ ಸಾಲು ಹಿಂದುಮುಂದಾಗುತ್ತದೆ. ಎಷ್ಟು ದುಡ್ಡು ಸುರಿದರೂ ಕಾಲ ಹಿಗ್ಗುವುದಿಲ್ಲ.

ಇನ್ನು ಕೆಲವು ಬದಲಾವಣೆಗಳ ಹಿಂದೆ ಬರಿಯ ಗ್ರಹಚಾರವಿರುತ್ತದೆ. ರಾಬರ್ಟ್ ಜೋರ್ಡನ್‌ರ ಫ್ಯಾಂಟಸಿ ಕಾದಂಬರಿಗಳಿಂದ ಮಾಡಿದ ‘ದಿ ವೀಲ್ ಆಫ್ ಟೈಮ್’ ಸರಣಿಯ ಮೊದಲ ಸೀಸನ್ ಚಿತ್ರೀಕರಣ ಕೋವಿಡ್‌ನಿಂದ ನಿಂತು ಮತ್ತೆ ಶುರುವಾಗುವಾಗ ಮ್ಯಾಟ್ ಎಂಬ ಮುಖ್ಯ ಪಾತ್ರದ ನಟ ಹೊರಟುಹೋಗಿದ್ದರು. ಮ್ಯಾಟ್ ಇಲ್ಲದೆ ಕೊನೆಯ ಸಂಚಿಕೆಗಳನ್ನು ಹೊಂದಿಸಬೇಕಾಯಿತು. ಪುಸ್ತಕದಲ್ಲಿ ಎಲ್ಲರೂ ಒಟ್ಟಾಗಿ ತಲುಪುವ ಜಾಗಕ್ಕೆ ಅಲ್ಲಿ ಇಬ್ಬರೇ ಹೋಗುತ್ತಾರೆ. ನೋಡುಗರು ಬರಹಗಾರರನ್ನು ಬೈದರು. ಕಾಲ್‌ಶೀಟ್ ತಪ್ಪಿದ ದಿನ ಸೆಟ್ಟಿನಲ್ಲಿ ನಿಂತವರಿಗೆ ಮಾತ್ರ ಆ ಪಾಡು ಗೊತ್ತು.

ಅದೇ ಸರಣಿಯಲ್ಲಿ ಗ್ರಹಚಾರದ್ದಲ್ಲದ, ಬೇಕೆಂದೇ ಮಾಡಿದ ಒಂದು ಬದಲಾವಣೆಯಿದೆ. ನಿಮ್ಮ ನಿರ್ಮಾಪಕರ ತಂಡ ಕೇಳುತ್ತಿರುವುದು ಥೇಟ್ ಅದೇ. ಪುಸ್ತಕದ ಪೆರಿನ್ ಎಂಬ ಕಮ್ಮಾರ ಹುಡುಗನಿಗೆ ತನ್ನ ಮೈಬಲದ್ದೇ ಭಯ. ಎಲ್ಲಿ ಯಾರಿಗೆ ಪೆಟ್ಟಾಗುತ್ತದೋ ಎಂದು ಯೋಚಿಸಿ ಯೋಚಿಸಿ ನಡೆಯುವವನು, ಮದುವೆಯೂ ಆಗಿಲ್ಲ. ಈ ಭಯ ಇರುವುದು ಅವನ ತಲೆಯೊಳಗೆ. ಅದನ್ನು ಹೊರಗೆ ತರಬೇಕೆಂದು ಸರಣಿಯವರು ಮೊದಲ ಸಂಚಿಕೆಯಲ್ಲೇ ಅವನಿಗೊಬ್ಬ ಹೆಂಡತಿಯನ್ನು ಕೊಟ್ಟು, ಗಲಾಟೆಯ ನಡುವೆ ಅವನ ಕೈಯಿಂದಲೇ ಅವಳನ್ನು ಅರಿಯದೆ ಕೊಲ್ಲಿಸಿದರು. ತರ್ಕ ಅರ್ಥವಾಗುತ್ತದೆ. ಆದರೆ ನಾಲ್ಕು ಮಾತಾಡಿ ಸಾಯುವ ಹೆಂಗಸು ನೋಡುಗನಿಗೆ ಯಾರೂ ಅಲ್ಲ, ಪೆರಿನ್‌ಗೆ ಮಾತ್ರ ಎಲ್ಲವೂ. ಆ ಸೀಸನ್ನಿನ ಉದ್ದಕ್ಕೂ ಅವನು ಶೋಕದಲ್ಲಿ ಬಾಯಿ ಮುಚ್ಚಿ ನಡೆಯಬೇಕಾಯಿತು. ಭಯವನ್ನು ತೋರಿಸಲು ಹೋಗಿ ದುಃಖವನ್ನು ತೋರಿಸಿದರು. ಎರಡೂ ಒಂದಲ್ಲ.

ಒಳಗಿನದನ್ನು ಹೊರಗೆ ತರಲು ನಮ್ಮ ಕಸುಬಿನಲ್ಲಿ ಥಟ್ಟನೆ ಕೈಗೆ ಸಿಗುವ ಉಪಕರಣ ಸಾವು. ಅದೂ ಹೆಚ್ಚಾಗಿ ಹೆಂಗಸರದ್ದು: ಹೆಂಡತಿ, ತಾಯಿ, ತಂಗಿ. ನಾನೂ ಸಾಯಿಸಿದ್ದೇನೆ. ನಿಮ್ಮ ಹೊಳೆಯ ದೃಶ್ಯದಲ್ಲಿ ಮಗಳು ಬದುಕಿದ್ದೂ ತಾಯಿಯ ಪಾಲಿಗೆ ಇಲ್ಲವಾಗುತ್ತಾಳೆ. ತಾಯಿ ಸತ್ತರೆ ಇದು ತಲೆಕೆಳಗಾಗುತ್ತದೆ, ಈಗ ಇಲ್ಲವಾದವಳು ತಾಯಿ, ನೆನಪಿಟ್ಟುಕೊಂಡವಳು ಮಗಳು. ನಿಮ್ಮ ಕಾದಂಬರಿಯ ಉಳಿದ ಅರ್ಧದಲ್ಲಿ ನಾಯಕಿ ತನ್ನ ಮನೆ ಬಾಗಿಲಿಗೇ ಅಪರಿಚಿತಳಾಗಿ ಬರುವ ಭಾಗವಿದ್ದರೆ (ಇರಲೇಬೇಕು ಎಂದು ನನ್ನ ಊಹೆ) ಅದನ್ನೂ ತೆಗೆಯುವುದಕ್ಕೆ ಈಗಲೇ ಒಪ್ಪಿಕೊಂಡಂತಾಯಿತು. ನಿರ್ಮಾಪಕರಿಗೆ ಮೊದಲು ಹೇಳಬೇಕಾದ್ದು ಇದನ್ನೇ. ನನ್ನ ದೃಶ್ಯ ಪವಿತ್ರ ಎಂದು ವಾದಿಸಬೇಡಿ, ಅವರು ಒಳಗೊಳಗೇ ನಗುತ್ತಾರೆ. ಇದನ್ನು ಬದಲಿಸಿದರೆ ಮುಂದಿನ ಎಷ್ಟು ಸಂಚಿಕೆ ಹೊಸದಾಗಿ ಬರೆಯಬೇಕಾಗುತ್ತದೆಂದು ಲೆಕ್ಕ ಕೊಡಿ. ನಿರ್ಮಾಪಕರಿಗೆ ಅರ್ಥವಾಗುವ ಭಾಷೆ ಅದು.

ಬದಲಾಯಿಸುವುದು ಇಂದಿನವರ ರೋಗವೆಂದೂ ತಿಳಿಯಬೇಡಿ. ಇತಿಹಾಸ ಕಲಿಸುವ ನಿಮಗೆ ಪಂಪನನ್ನು ನೆನಪಿಸಬೇಕಿಲ್ಲ. ಅರ್ಜುನನೊಂದಿಗೆ ತನ್ನ ದೊರೆ ಅರಿಕೇಸರಿಯನ್ನು ಸಮೀಕರಿಸಿದ್ದರಿಂದ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ, ಕೊನೆಯಲ್ಲಿ ಪಟ್ಟವನ್ನೂ ಅರ್ಜುನನಿಗೇ ಕಟ್ಟಿಸಿದ. ಕೈಗಡ ದೊಡ್ಡದೇ, ಆದರೆ ಕೊನೆಯ ಆಶ್ವಾಸದವರೆಗೂ ಕಂತು ಕಟ್ಟಿದ.

ಲೇಖಕರು ಜೊತೆಗಿದ್ದರೆ ದೃಶ್ಯ ಉಳಿಯುತ್ತದೆ ಎಂಬ ನಂಬಿಕೆಗೂ ಆಧಾರ ಕಡಿಮೆ. ಮಾರ್ಟಿನ್‌ರ ಎರಡನೆಯ ಪುಸ್ತಕದ ಬ್ಲ್ಯಾಕ್‌ವಾಟರ್ ಯುದ್ಧದಲ್ಲಿ ಟಿರಿಯನ್ ನದಿಗೆ ಅಡ್ಡಲಾಗಿ ದೈತ್ಯ ಸರಪಳಿ ಎತ್ತಿಸಿ ಶತ್ರು ಹಡಗುಗಳನ್ನು ಬೆಂಕಿಯೊಳಗೆ ಸಿಕ್ಕಿಸುತ್ತಾನೆ. ಪುಸ್ತಕದುದ್ದಕ್ಕೂ ಕಮ್ಮಾರರು ಆ ಸರಪಳಿಯ ಕೊಂಡಿಗಳನ್ನು ಬಡಿಯುತ್ತಲೇ ಇರುತ್ತಾರೆ. 2012ರ ಸಂಚಿಕೆಯಲ್ಲಿ ಸರಪಳಿಯೇ ಇಲ್ಲ, ಬೆಂಕಿದ್ರವ ಸುರಿಸುತ್ತ ಬರುವ ಒಂದೇ ಒಂದು ಖಾಲಿ ಹಡಗು. ಆ ಸಂಚಿಕೆಯನ್ನು ಬರೆದವರು ಬೇರಾರೂ ಅಲ್ಲ, ಸ್ವತಃ ಮಾರ್ಟಿನ್. 80ರ ದಶಕದಲ್ಲಿ ಅಮೆರಿಕದ ಟಿವಿಗೆ ಬರೆದು, ನಿಮ್ಮ ಚಿತ್ರಕಥೆ ವಿಪರೀತ ದುಬಾರಿ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿ, ಯಾರೂ ಚಿತ್ರೀಕರಿಸಲಾಗದ ಕಾದಂಬರಿ ಬರೆಯಲು ಕುಳಿತವರು ಅವರು. ಅವರೇ ತಮ್ಮ ಸರಪಳಿಯನ್ನು ಕಡಿದರು. ರಿಕ್ ರಿಯೊರ್ಡನ್ ಕೂಡ ಹಾಗೆಯೇ. ತಮ್ಮ ಮಕ್ಕಳ ಕಾದಂಬರಿಗಳಿಂದ ಮಾಡಿದ ‘ಪರ್ಸಿ ಜಾಕ್ಸನ್’ ಸಿನಿಮಾಗಳ ಬಗ್ಗೆ ಸಿಟ್ಟಾಗಿದ್ದವರು 2023ರ ಸರಣಿಯಲ್ಲಿ ತಾವೇ ಬರಹದ ತಂಡದೊಳಗೆ ಕುಳಿತರು. ಆದರೂ ಪುಸ್ತಕದಲ್ಲಿ ಮಕ್ಕಳು ದೇವತೆಗಳು ಕೊಟ್ಟ ಗಡುವಿನೊಳಗೆ ಗುರಿ ತಲುಪಿದರೆ ಸರಣಿಯಲ್ಲಿ ಗಡುವು ದಾಟಿಹೋಗುತ್ತದೆ. ಒಳಗೆ ಕುಳಿತ ಲೇಖಕರಿಗೆ ಬದಲಾವಣೆಯನ್ನು ತಡೆಯುವುದಕ್ಕಿಂತ ಅದನ್ನು ಸ್ವತಃ ಮಾಡುವ ಅವಕಾಶ ಸಿಗುತ್ತದೆ. ನನ್ನ ಪ್ರಕಾರ ಅದೇನೂ ಸಣ್ಣದಲ್ಲ.

ಹೊರಗೆ ನಿಂತವರ ಕಥೆ ಬೇರೆ. ಅರ್ಸುಲಾ ಲೆ ಗ್ವಿನ್ ಅವರ ‘ಅರ್ಥ್‌ಸೀ’ ಕಾದಂಬರಿಗಳ ನಾಯಕ ಗೆಡ್‌ನದು ಕೆಂಗಂದು ಮೈಬಣ್ಣ, ಆ ಲೋಕದ ಬಹುಪಾಲು ಜನ ಬಿಳಿಯರಲ್ಲ. 2004ರಲ್ಲಿ ಅಮೆರಿಕದ ಸೈಫೈ ಚಾನೆಲ್ ಅದನ್ನು ಕಿರುಸರಣಿ ಮಾಡಿದಾಗ ಗೆಡ್ ಬಿಳಿಯನಾಗಿದ್ದ. ಒಪ್ಪಂದದಲ್ಲಿ ಲೆ ಗ್ವಿನ್‌ಗೆ ಸಲಹೆಗಾರ್ತಿ ಎಂಬ ಸ್ಥಾನವಿತ್ತು. ಅದರಿಂದ ಏನೂ ನಡೆಯಲಿಲ್ಲವೆಂದು ಅವರೇ ಬಹಿರಂಗವಾಗಿ ಬರೆದರು. ನಿಮಗೂ ಸಲಹೆಗಾರರ ಸ್ಥಾನ ಕೊಡುತ್ತೇವೆ ಎನ್ನುತ್ತಾರೆ, ನೋಡುತ್ತಿರಿ. ಕೇಳಲು ಹಿತವಾಗಿರುತ್ತದೆ. ಯಾವ ಹಂತದಲ್ಲಿ ನಿಮಗೆ ಕರಡು ತೋರಿಸಬೇಕು, ನಿಮ್ಮ ಟಿಪ್ಪಣಿಗೆ ಅವರು ಎಷ್ಟು ದಿನದಲ್ಲಿ ಲಿಖಿತ ಉತ್ತರ ಕೊಡಬೇಕು ಎಂದು ಬರೆಯದಿದ್ದರೆ ಆ ಪದಕ್ಕೆ ಚಿಕ್ಕಾಸಿನ ಬೆಲೆಯಿಲ್ಲ.

ಹಾಗಾದರೆ ಕೊಡಬೇಕೋ ಬಿಡಬೇಕೋ? ಕೊಡದಿರುವುದು ಪೂರ್ಣ ಗೌರವದ ದಾರಿ. ಪುಸ್ತಕ ಪುಸ್ತಕವಾಗಿಯೇ ಇರುತ್ತದೆ, ಹೊಸ ಓದುಗರು ಬರುವ ಒಂದು ಬಾಗಿಲು ಮಾತ್ರ ಮುಚ್ಚುತ್ತದೆ. ಪೂರ್ತಿ ಕೊಟ್ಟು, ದುಡ್ಡು ಎಣಿಸಿಕೊಂಡು, ಸರಣಿಯನ್ನು ನೋಡದೇ ಇರುವುದೂ ಒಂದು ದಾರಿ. ಹಾಗೆ ನೆಮ್ಮದಿಯಾಗಿ ಬದುಕಿದ ಲೇಖಕರನ್ನು ನಾನು ಬಲ್ಲೆ. ಆದರೆ ಇಷ್ಟುದ್ದದ ಪತ್ರ ಬರೆದ ನಿಮ್ಮಿಂದ ಅದು ಆಗುವ ಮಾತಲ್ಲ. ನಿಮಗೆ ನಾನು ಹೇಳುವುದು ಮೂರನೆಯದು: ಬರಹದ ತಂಡದಲ್ಲಿ ಜಾಗ ಕೇಳಿ, ಹೊಳೆಯ ಸಂಚಿಕೆಯ ಮೊದಲ ಕರಡು ನಾನೇ ಬರೆಯುತ್ತೇನೆ ಎಂದು ಹೇಳಿ. ಇದರಲ್ಲೂ ಅಪಾಯವಿದೆ. ವರ್ಷಗಟ್ಟಲೆ ಸಮಯ ತಿನ್ನುತ್ತದೆ, ನಿಮ್ಮ ಎರಡನೆಯ ಕಾದಂಬರಿ ಮೇಜಿನ ಮೇಲೆ ಧೂಳು ತಿನ್ನುತ್ತದೆ. ಕೊನೆಗೂ ಕೆಟ್ಟರೆ ನಾನಿರಲಿಲ್ಲ ಎಂದು ಹೇಳಿಕೊಳ್ಳುವ ಸಮಾಧಾನವೂ ಇರುವುದಿಲ್ಲ.

ಸಹಿ ಹಾಕುವ ಮುನ್ನ ಕೃತಿಸ್ವಾಮ್ಯ ಬಲ್ಲ ವಕೀಲರಿಗೆ ಕಾಗದ ತೋರಿಸಿ. ಸಿನಿಮಾ ಒಪ್ಪಂದಗಳನ್ನು ನೋಡಿರುವವರೇ ಆಗಬೇಕು, ಜಮೀನು ವ್ಯಾಜ್ಯದ ವಕೀಲರು ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷವೆಂದು, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದು ಅರ್ಥ. ಒಂದು ವರ್ಷದೊಳಗೆ ಬಳಸದಿದ್ದರೆ ಹಕ್ಕು ನಿಮಗೇ ಮರಳುತ್ತದೆ, ಆದರೆ ಒಪ್ಪಂದದಲ್ಲಿ ಬೇರೆ ಮಾತಿದ್ದರೆ ಇಲ್ಲ. ಆ ಬೇರೆ ಮಾತು ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಹುಡುಕಿ.

57ನೆಯ ಸೆಕ್ಷನ್ ಇನ್ನೊಂದು ಆಸರೆ. ಹಕ್ಕು ಮಾರಿದ ಮೇಲೂ, ನಿಮ್ಮ ಗೌರವಕ್ಕೆ ಅಥವಾ ಹೆಸರಿಗೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆ ಕೇಳಬಹುದು. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿಯನ್ನು ಸಿನಿಮಾ ಮಾಡಿದವರ ವಿರುದ್ಧ ಇದೇ ಆಧಾರದ ಮೇಲೆ ದೆಹಲಿ ಹೈಕೋರ್ಟಿಗೆ ಹೋದರು. 1986ರಲ್ಲಿ ನ್ಯಾಯಾಲಯ ಲೇಖಕಿಗೆ ಈ ಹಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿತು. ಕಾದಂಬರಿ ಸಿನಿಮಾ ಆಗುವಾಗ ಕೆಲವು ಬದಲಾವಣೆ ಅನಿವಾರ್ಯವೆಂದೂ ಒಪ್ಪಿತು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಆದ್ದರಿಂದ ಇದನ್ನು ಛತ್ರಿ ಎಂದುಕೊಳ್ಳಿ, ಸೂರು ಎಂದುಕೊಳ್ಳಬೇಡಿ. ತಾಯಿಯನ್ನು ಸಾಯಿಸಿದ್ದು ವಿರೂಪವೋ ಅನಿವಾರ್ಯವೋ ಎಂಬ ವಾದ ವರ್ಷಗಟ್ಟಲೆ ನಡೆದೀತು.

ಕೋರ್ಟಿನ ಮೆಟ್ಟಿಲಿಗಿಂತ ಒಪ್ಪಂದದ ಅನುಬಂಧ ಹತ್ತಿರದ್ದು. ಅಲ್ಲಿ ದೃಶ್ಯ ಹೀಗೇ ಇರಬೇಕು ಎಂದು ಬರೆಸಲು ಹೋಗಬೇಡಿ, ಯಾವ ನಿರ್ಮಾಪಕರೂ ಸಹಿ ಹಾಕುವುದಿಲ್ಲ. ದೃಶ್ಯ ಮಾಡಬೇಕಾದ ಕೆಲಸವನ್ನು ಬರೆಸಿ: ‘ಕಥೆಯ ಮಧ್ಯಭಾಗದಲ್ಲಿ ನಾಯಕಿ ತನ್ನ ಇಚ್ಛೆಯಿಂದ ಹೆಸರನ್ನು ಕಳೆದುಕೊಳ್ಳುತ್ತಾಳೆ, ಬದುಕಿರುವ ತಾಯಿ ಆಕೆಯನ್ನು ಮರೆಯುತ್ತಾಳೆ’. ಎರಡು ಸಾಲು ಸಾಕು. ಅದಕ್ಕೂ ಒಪ್ಪದಿದ್ದರೆ ಅವರಿಗೆ ಬೇಕಾದದ್ದು ನಿಮ್ಮ ಕಾದಂಬರಿಯಲ್ಲ, ಅದರ ಮುಖಪುಟ ಎಂದು ತಿಳಿಯಿರಿ. ಬೇಡವೆನಿಸಿದರೆ ನನ್ನ ಹೆಸರು ತೆಗೆಯಿರಿ ಎಂದು ಕೇಳುವ ಹಕ್ಕನ್ನೂ ಬರೆಸಿಕೊಳ್ಳಿ.

ಕೊನೆಯದಾಗಿ, ‘ಇದು ತೆರೆಗೆ ಬರುವುದಿಲ್ಲ’ ಎಂಬ ಅವರ ಮಾತು. ನಿಮ್ಮ ಹದಿನಾಲ್ಕು ಪುಟ ಇದ್ದ ಹಾಗೆ ಬರುವುದಿಲ್ಲ, ಅಷ್ಟರ ಮಟ್ಟಿಗೆ ಅವರು ಸರಿ. ಹಿನ್ನೆಲೆಯಲ್ಲಿ ಅವಳ ಸ್ವಗತ ಓದಿಸಿದರೆ ನೋಡುಗರು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಹೊಳೆಯಲ್ಲಿ ಅವಳನ್ನು ಬಿಟ್ಟು ಮನೆಗೆ ಹೋಗಿ ನೋಡಿ. ಅಲ್ಲಿ ತಾಯಿ ಏನು ಮಾಡುತ್ತಿದ್ದಾಳೆ?

ನಾನಾಗಿದ್ದರೆ ಮೊದಲ ಸಂಚಿಕೆಯಲ್ಲೇ ತಾಯಿ ಊಟದ ಹೊತ್ತಿಗೆ ಹಿತ್ತಿಲಿಗೆ ಹೋಗಿ ನಾಲ್ಕು ಬಾಳೆಎಲೆ ಕುಯ್ದು ತರುವುದನ್ನು, ಸಾಲಾಗಿ ಹಾಸುವುದನ್ನು ತೋರಿಸುತ್ತಿದ್ದೆ. ಎರಡು ಮೂರು ಸಲ ತೋರಿಸುತ್ತಿದ್ದೆ, ಯಾರೂ ಗಮನಿಸದ ಹಾಗೆ. ಹೊಳೆಯ ದಿನವೂ ತಾಯಿ ಅಭ್ಯಾಸ ಬಲದಿಂದ ನಾಲ್ಕು ಕುಯ್ದು ತರುತ್ತಾಳೆ. ಅತ್ತ ಮಗಳ ಬಾಯಿಂದ ಹೆಸರು ನೀರಿಗೆ ಬೀಳುತ್ತದೆ. ಇತ್ತ ಮೂರು ಎಲೆ ಹಾಸಿದ ತಾಯಿ ನಾಲ್ಕನೆಯದನ್ನು ಕೈಯಲ್ಲಿ ಹಿಡಿದು, ಇದನ್ನು ಯಾರಿಗೆಂದು ತಂದೆ ಎಂದು ತಿಳಿಯದೆ ಒಂದು ಗಳಿಗೆ ನಿಂತು, ಕೊಟ್ಟಿಗೆಗೆ ಹೋಗಿ ದನದ ಮುಂದೆ ಹಾಕುತ್ತಾಳೆ. ಮುಂದಿನ ಭೇಟಿಗೆ ಇಂಥದ್ದೊಂದನ್ನು ನೀವೇ ಬರೆದುಕೊಂಡು ಹೋಗಿ, ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದೀತು. ಖರ್ಚಿನ ಮಾತೆತ್ತಿದರೆ ಹೇಳಿ: ತಾಯಿಯ ಪಾತ್ರದವರ ಅರ್ಧ ದಿನದ ಕಾಲ್‌ಶೀಟ್, ಒಂದು ಹಸು, ನಾಲ್ಕು ಎಲೆ.